ಮುರಕಲ್ಲಿನ ನೆಲದಲ್ಲಿ ಹಿತ್ತಿಲ ತರಕಾರಿ

ಕಾಸರಗೋಡು ಪೇಟೆಯಿಂದ ಒಳನಾಡಿಗೆ, ಬದಿಯಡ್ಕ, ಪೆರ್ಲ, ಎಣ್ಮಕಜೆಗಳ ಕಡೆಗೆ ಸಾಗುವವರಿಗೆ ಕಾಣುವುದು ಗುಡ್ಡ, ಗುಡ್ಡದ ಬುಡದ ಅಡಿಕೆ ತೋಟ, ಅಲ್ಲಲ್ಲಿ ಒಂದೊಂದು ಮನೆ. ಮನೆಯ ಬೆನ್ನಿಗೆ ಹಿತ್ತಿಲು. ನಮ್ಮ ಸೀಮೆಯ ಅಡುಗೆಮನೆಯ ಚರಿತ್ರೆಯೆಲ್ಲ ಈ ಹಿತ್ತಿಲಲ್ಲಿ ಅಡಗಿದೆ ಎಂದರೆ ಅತಿಶಯೋಕ್ತಿಯಾಗದು.

ನೆಲವಾದರೋ ಉದಾರವಾದುದಲ್ಲ. ಮುರಕಲ್ಲಿನ ಈ ಮಣ್ಣು ಹುಳಿಗುಣದ್ದು. ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಅದರ ಸಾರವನ್ನು ತೊಳೆದೊಯ್ಯುತ್ತದೆ. ಇದಕ್ಕೆ ಹಿರಿಯರು ಕಂಡುಕೊಂಡ ಉಪಾಯ ಸುಡುಮಣ್ಣು. ತರಗೆಲೆ, ಒಣಸೊಪ್ಪುಗಳ ಮೇಲೆ ಮಣ್ಣು ಮುಚ್ಚಿ ಮೆಲ್ಲಗೆ ಸುಟ್ಟರೆ, ಅದರ ಬೂದಿ ಹುಳಿಯನ್ನು ತಗ್ಗಿಸಿ ಪೊಟ್ಯಾಶನ್ನು ಒದಗಿಸುತ್ತದೆ. ಸಾರಜನಕ ಮಾತ್ರ ಹಟ್ಟಿಗೊಬ್ಬರದಿಂದಲೇ ಬರಬೇಕು. ಬೇಸಗೆಯಲ್ಲಿ ನೀರಿಗೆ ಗುಡ್ಡದ ಒಡಲನ್ನು ಅಡ್ಡಲಾಗಿ ಕೊರೆದ ಸುರಂಗವೇ ಅನೇಕ ಮನೆಗಳಿಗೆ ಆಧಾರ.

ಉಳಿದುದನ್ನು ಪ್ರಯೋಗವೇ ಕಲಿಸಬೇಕು. ಒಂದೇ ಬೆಂಡೆಯ ಬೀಜವನ್ನು ನಾವು ಮೂರು ಬಾರಿ ಬಿತ್ತಿ ನೋಡಿದೆವು. ಮೇ ತಿಂಗಳ ನಡುವಿನಲ್ಲಿ ಬಿತ್ತಿದ್ದು ಮಳೆ ಬಲಿಯುವಷ್ಟರಲ್ಲಿ ಬೇರೂರಿ ನಿಂತಿತು. ಜೂನ್ ನಡುವಿನದು ಅರೆಪಾಲು ಉಳಿಯಿತು. ಜುಲಾಯಿಯದು ಮಣ್ಣಿನಲ್ಲೇ ಕೊಳೆಯಿತು. ಹರಿವೆಯಲ್ಲಿ ಕೆಂಪಿನದಕ್ಕೆ ಮಳೆಗಾಲದಲ್ಲಿ ಎಲೆಚುಕ್ಕೆ ಬೇಗ ತಗಲುತ್ತದೆ, ಹಸುರಿನದು ತಾಳಿಕೊಳ್ಳುತ್ತದೆ. ಎರಡನ್ನೂ ಬೆರಸಿ ಬಿತ್ತಿದಾಗ ರೋಗ ಹರಡುವುದು ಕಡಿಮೆ. ಹಾಗಲ, ಪಡುವಲಗಳ ಎಳೆಗಾಯಿಗೆ ಕಾಗದದ ಚೀಲ ಕಟ್ಟಿದರೆ ಹಣ್ಣುನೊಣ ಮೊಟ್ಟೆಯಿಡಲಾರದು. ಬಸಳೆಗೆ ಒಂದು ತುಂಡು ಬಳ್ಳಿ, ಒಂದು ಚಪ್ಪರ, ಪಾತ್ರೆ ತೊಳೆದ ನೀರು ಇಷ್ಟಿದ್ದರೆ ಸಾಕು.

ಇಷ್ಟು ಶ್ರಮವೇಕೆ, ಅಂಗಡಿಯಲ್ಲಿ ಎಲ್ಲವೂ ಸಿಗುವುದಲ್ಲ ಎಂದು ಕೇಳುವವರುಂಟು. ಈ ಪ್ರಶ್ನೆಗೆ ಉತ್ತರವನ್ನು ನಮ್ಮ ಜಿಲ್ಲೆ ಬಹಳ ಬೆಲೆ ತೆತ್ತು ಕಲಿತಿದೆ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ದೇಶದಾದ್ಯಂತ ತಡೆಯಿತು. ನೊಂದ ಮನೆಗಳ ನೋವು ಅಲ್ಲಿಗೆ ಮುಗಿಯಲಿಲ್ಲ. ಉಣ್ಣುವ ಸೊಪ್ಪಿಗೆ ಏನು ಬಿದ್ದಿದೆಯೆಂದು ಅರಿತಿರುವುದು ಇಂಥ ಊರಿನಲ್ಲಿ ಸಣ್ಣ ಮಾತಲ್ಲ.

ಇನ್ನೊಂದು ಕಾರಣವೂ ಉಂಟು. ತೊಂಡೆ ತುಳುವರ ಮನೆಯಲ್ಲಿ ಮನೋಳಿ, ಮಲಯಾಳಿಗಳ ಮನೆಯಲ್ಲಿ ಕೋವಯ್ಕ. ಅಲಸಂಡೆ ಅಲ್ಲಿ ಲತ್ತಂಡೆ, ಇಲ್ಲಿ ಪಯರ್. ನೆರೆಹೊರೆಯಲ್ಲಿ ಬೀಜದೊಡನೆ ಹೆಸರೂ ಕೈಯಿಂದ ಕೈಗೆ ದಾಟುತ್ತದೆ. ಬೇರೆ ಬೇರೆ ನುಡಿಯವರು ಒಂದೇ ಬೇಲಿಯ ಎರಡು ಬದಿಯಲ್ಲಿ ಬಾಳುವ ಬಗೆ ಅದು. ಆದರೆ ಬಳ್ಳಿಯನ್ನೇ ಕಾಣದ ಮಗುವಿಗೆ ಯಾವ ಹೆಸರೂ ಉಳಿಯದು. ಪುಸ್ತಕದ ಪಾಠ ಶಾಲೆಯಲ್ಲಿ ದೊರೆತೀತು. ಈ ಪಾಠವನ್ನು ಮನೆಯೇ ಕಲಿಸಬೇಕು.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಬಳ್ಳಿಯ ಮೊದಲ ಚೆಲುವಾದ ಕಾಯನ್ನು ಕೊಯ್ಯದೆ ಬೀಜಕ್ಕೆ ಬಿಡಿರಿ. ಚೆನ್ನಾಗಿ ಬಲಿತ ಮೇಲೆ ಬೀಜ ತೆಗೆದು, ಬೂದಿಯಲ್ಲಿ ಹೊರಳಿಸಿ, ಒಣಗಿಸಿ ಕಾಪಿಡಿರಿ. ಅರ್ಧವನ್ನು ನೆರೆಮನೆಗೆ ಕೊಡಿರಿ. ಮಕ್ಕಳ ಕೈಯಿಂದಲೇ ಕೊಡಿಸಿರಿ.