ಕಂಬಿ ಹಿಡಿಯೋಕೆ ಕೈ ಇಲ್ಲದ ಪ್ರಯಾಣಿಕ

ಸೋಮವಾರ ಬೆಳಗ್ಗೆ ಕುಣಿಗಲ್‌ನಿಂದ ಬೆಂಗಳೂರಿಗೆ ಬಸ್ಸು ಹತ್ತಿದವರಿಗೆ ನಿಂತು ಪ್ರಯಾಣ ಮಾಡೋದು ಅಂದ್ರೇನು ಅಂತ ವಿವರಿಸಬೇಕಿಲ್ಲ. ಸೀಟು ಸಿಗಲ್ಲ. ಸೋಲೂರು ದಾಟೋ ಹೊತ್ತಿಗೆ ಮೇಲಿನ ಕಂಬಿ ಹಿಡಿದ ಕೈ ಜೋಮು ಹಿಡಿದಿರುತ್ತೆ. ನೆಲಮಂಗಲದ ಹತ್ರ ಡ್ರೈವರ್ ಒಂದು ಬ್ರೇಕ್ ಹಾಕಿದ ಅಂದ್ರೆ ಹಿಂದಿನವರ ಬ್ಯಾಗು ನಮ್ಮ ಬೆನ್ನಿಗೆ, ನಮ್ಮ ಚಪ್ಪಲಿ ಮುಂದಿನವರ ಕಾಲಿನ ಮೇಲೆ. ಈಗ ಅದೇ ಬಸ್ಸಿನಲ್ಲಿ ನಿಮಗೆ ಕೈಗಳೇ ಇಲ್ಲ ಅಂದ್ಕೊಳ್ಳಿ. ನಿಮ್ಮ ತೂಕ 450 ಕೆಜಿ. ಕಾಲಿಗೆ ಕಬ್ಬಿಣದ ಲಾಳ. ಮುಂದಿನ ರಸ್ತೆ ಕಾಣಲ್ಲ, ಹಾಗಾಗಿ ತಿರುವು ಯಾವಾಗ ಬರುತ್ತೆ, ಹಂಪ್ ಎಲ್ಲಿದೆ ಅನ್ನೋದು ಗೊತ್ತಾಗೋದು ಅದು ಬಂದ ಮೇಲೇ. ಕುದುರೆ ಲಾರಿಯಲ್ಲಿ ಹೋಗೋದು ಹೀಗೆ.

ನಮ್ಮದು ಕುಣಿಗಲ್ ಪಕ್ಕದ ಹಳ್ಳಿ. ಟಿಪ್ಪು ಕಾಲದಿಂದ ಕುದುರೆ ಸಾಕಿದ ಜಾಗ ಅಂತ ಹೆಸರಾದ ಸ್ಟಡ್ ಫಾರಂ ಇರೋ ಊರು, ಆದ್ದರಿಂದ ನಮಗೆ ಕುದುರೆ ಅಂದ್ರೆ ಆನೆ ನೋಡಿದಷ್ಟು ಅಚ್ಚರಿ ಏನಿಲ್ಲ. ನನ್ನ ಸೋದರಮಾವ ಅಲ್ಲಿಯವರಲ್ಲ, ಬೆಂಗಳೂರಿನಲ್ಲಿ ರೇಸ್ ಕುದುರೆಗಳ ಸೈಸ್ ಆಗಿದ್ದವರು. 26 ವರ್ಷ ಲಾಯದಲ್ಲೇ ಮಲಗಿ, ಲಾಯದಲ್ಲೇ ಎದ್ದವರು. ಬೆಂಗಳೂರು ಸೀಸನ್ ಮುಗಿದರೆ ಮೈಸೂರು, ಬೇಸಿಗೆ ಬಂದರೆ ಊಟಿ. ಕುದುರೆಗಳನ್ನು ಸಾಗಿಸೋ ಗಾಡಿಗೆ ಅವರ ಕಡೆ ಫ್ಲೋಟ್ ಅಂತಾರೆ. ಆ ಫ್ಲೋಟಿನಲ್ಲಿ ಕುದುರೆ ಜೊತೆ ಊಟಿ ಘಾಟಿ ಹತ್ತಿದ್ದನ್ನು ಮಾವ ಎಷ್ಟು ಸಲ ಹೇಳಿದ್ದಾರೋ. ಆದರೆ ಅವರ ಕತೆಯಲ್ಲಿ ಯಾವ ಕುದುರೆ ಯಾವ ರೇಸ್ ಗೆದ್ದಿತು ಅನ್ನೋದು ಬರೋದೇ ಇಲ್ಲ. ಬರೋದೆಲ್ಲಾ ಕಾಲು. ಯಾವುದರ ಕಾಲು ಹೇಗೆ ತರಚಿತು, ಯಾವುದನ್ನು ಒಂದು ಗೀರೂ ಇಲ್ಲದೆ ಇಳಿಸಿದೆ, ಬರೀ ಇದೇ.

ಚಿಕ್ಕವನಿದ್ದಾಗ ನನಗೆ ಇದು ಬೋರು ಹೊಡೆಸ್ತಿತ್ತು. ಆಮೇಲೆ ಅರ್ಥ ಆಯ್ತು. ಕುದುರೆಯ ಮುಂಗಾಲಿನ ಮಂಡಿಯಿಂದ ಕೆಳಗೆ ಮಾಂಸಖಂಡ ಅನ್ನೋದೇ ಇಲ್ಲ. ಮೂಳೆ, ಅದಕ್ಕೆ ಅಂಟಿದ ಟೆಂಡನ್ನುಗಳು, ಮೇಲೊಂದು ಚರ್ಮ, ಮುಗೀತು. ಹಿಂಗಾಲೂ ಹೆಚ್ಚುಕಮ್ಮಿ ಹಾಗೇ. ನಮ್ಮ ಮೀನಖಂಡದಂತೆ ಪೆಟ್ಟು ತಿನ್ನೋಕೆ ಅಲ್ಲಿ ಮೆತ್ತನೆಯದು ಏನೂ ಇಲ್ಲ. ರಕ್ತ ಓಡಾಟವೂ ಕಮ್ಮಿ, ಹಾಗಾಗಿ ಗಾಯ ಆದರೆ ಬೇಗ ಮಾಯಲ್ಲ. ಕೆಲವು ಸಲ ಗಾಯದೊಳಗಿಂದ ಮಾಂಸ ಅತಿಯಾಗಿ ಬೆಳೆದು ಹೊರಗೆ ಉಬ್ಬಿಕೊಂಡು, ಮೇಲೆ ಚರ್ಮ ಕೂಡೋಕೇ ಬಿಡಲ್ಲ. ಇಂಥ ನಾಲ್ಕು ಕಡ್ಡಿಗಳ ಮೇಲೆ ಅಷ್ಟು ದೊಡ್ಡ ಮೈ ನಿಂತಿರುತ್ತೆ, ಅದರಲ್ಲೂ ಸುಮಾರು 60 ಪರ್ಸೆಂಟ್ ಭಾರ ಮುಂಗಾಲುಗಳ ಮೇಲೆ.

ಮೂಳೆ ಮುರಿದರಂತೂ ಕೇಳೋದೇ ಬೇಡ. ಅಮೆರಿಕದ ಬಾರ್ಬರೋ ಅನ್ನೋ ಕುದುರೆ 2006ರಲ್ಲಿ ಕೆಂಟಕಿ ಡರ್ಬಿ ಗೆದ್ದು, ಎರಡೇ ವಾರಕ್ಕೆ ಇನ್ನೊಂದು ರೇಸಿನಲ್ಲಿ ಹಿಂಗಾಲು ಮುರಿದುಕೊಂಡಿತು. ದುಡ್ಡಿಗೆ ಕೊರತೆ ಇರಲಿಲ್ಲ, ಡಾಕ್ಟರಿಗೆ ಕೊರತೆ ಇರಲಿಲ್ಲ. ಮುರಿದ ಮೂಳೆಯನ್ನು ಪ್ಲೇಟು, ಸ್ಕ್ರೂ ಹಾಕಿ ಕೂಡಿಸಿದರು. ಆದರೆ ಆ ಕಾಲಿನ ಭಾರವನ್ನೂ ಹೊತ್ತ ಇನ್ನೊಂದು ಕಾಲಿನ ಗೊರಸಿನೊಳಗೆ ಲ್ಯಾಮಿನೈಟಿಸ್ ಶುರುವಾಗಿ, 2007ರ ಜನವರಿಯಲ್ಲಿ ಅದನ್ನು ದಯಾಮರಣಕ್ಕೆ ಒಪ್ಪಿಸಬೇಕಾಯ್ತು. ಮನುಷ್ಯನಾದರೆ ಕಾಲು ಮೇಲೆ ಮಾಡಿ ಮೂರು ತಿಂಗಳು ಮಂಚದ ಮೇಲೆ ಮಲಗ್ತಾನೆ. ಕುದುರೆಗೆ ಆ ಸೌಕರ್ಯ ಇಲ್ಲ, ಅದು ನಿಂತೇ ವಾಸಿಯಾಗಬೇಕು.

ಗಾಡಿಯೊಳಗೆ ಕಾಲಿಗೆ ಏಟು ಬೀಳೋದು ಹೆಚ್ಚಾಗಿ ಹೊರಗಿನಿಂದ ಅಲ್ಲ, ತನ್ನ ಕಾಲಿನಿಂದಲೇ. ಬ್ಯಾಲೆನ್ಸ್ ತಪ್ಪಿದಾಗ ಒಂದು ಕಾಲಿನ ಲಾಳ ಇನ್ನೊಂದು ಕಾಲಿನ ಗೊರಸಿನ ಮೇಲಂಚನ್ನು ತುಳಿಯುತ್ತೆ. ಗೊರಸು ಬೆಳೆಯೋದೇ ಆ ಅಂಚಿನಿಂದ, ನಮ್ಮ ಉಗುರಿನ ಬುಡ ಇದ್ದ ಹಾಗೆ. ಅಲ್ಲಿ ಆಳವಾಗಿ ಕೊಯ್ದರೆ ಗೊರಸು ಸೀಳಾಗೇ ಬೆಳೆಯಬಹುದು. ಅದಕ್ಕೇ ಪ್ರಯಾಣದ ಬೂಟುಗಳು, ದಪ್ಪ ಹತ್ತಿಯ ಪಟ್ಟಿಗಳು. ವೆಲ್ಕ್ರೋ ಇರೋ ಬೂಟು ಹಾಕೋದು ಸುಲಭ. ಮಾವನಿಗೆ ಅದರ ಮೇಲೆ ನಂಬಿಕೆ ಕಮ್ಮಿ, ಜಾರುತ್ತೆ ಅಂತ. ಅವರದು ಹತ್ತಿ ಮತ್ತು ಬ್ಯಾಂಡೇಜು. ಹತ್ತಿ ಸುಕ್ಕಿಲ್ಲದೆ ಸುತ್ತಬೇಕು, ಕೆಳಗೆ ಗೊರಸಿನ ಅಂಚು, ಹಿಮ್ಮಡಿ ಎರಡೂ ಮುಚ್ಚಬೇಕು. ಅದರ ಮೇಲೆ ಬ್ಯಾಂಡೇಜು, ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಸುತ್ತು. ಎಡಗಾಲಿಗೆ ಗಡಿಯಾರದ ಉಲ್ಟಾ, ಬಲಗಾಲಿಗೆ ಗಡಿಯಾರದ ಹಾಗೆ. ಗಂಟು ಹೊರಗಡೆ ಪಕ್ಕಕ್ಕೆ ಬರಬೇಕು, ಹಿಂದೆ ಟೆಂಡನ್ ಮೇಲೆ ಬರಬಾರದು.

ಇಷ್ಟೆಲ್ಲಾ ಯಾಕೆ ಅಂದ್ರೆ, ಕೆಟ್ಟದಾಗಿ ಕಟ್ಟಿದ ಪಟ್ಟಿಗಿಂತ ಕಟ್ಟದೇ ಇರೋದು ಮೇಲು. ಬಿಗಿ ಎಲ್ಲಾ ಕಡೆ ಒಂದೇ ಸಮ ಇಲ್ಲದಿದ್ದರೆ ಕಾಪಾಡಬೇಕಾದ ಪಟ್ಟಿಯೇ ಟೆಂಡನ್ನಿಗೆ ಏಟು ಮಾಡುತ್ತೆ. ಸಡಿಲ ಆದರೆ ದಾರಿ ಮಧ್ಯೆ ಬಿಚ್ಚಿ ಕಾಲಿಗೆ ಸುತ್ತಿಕೊಳ್ಳುತ್ತೆ, ಕುದುರೆ ಬೆದರುತ್ತೆ, ಒದೆಯುತ್ತೆ. ಸುರಕ್ಷೆಗೆ ಅಂತ ಹಾಕಿದ ಕೋಡೇ ಸಿಸ್ಟಂ ಮಲಗಿಸೋದನ್ನು ನಾನು ಆಫೀಸಿನಲ್ಲಿ ಬೇಕಾದಷ್ಟು ಸಲ ನೋಡಿದ್ದೇನೆ ಬಿಡಿ.

ಇನ್ನೂ ಒಂದು ಮಾತು ಮಾವ ಹೇಳ್ತಿದ್ರು. ಪಟ್ಟಿ ಕೊನೇದು, ಮೊದಲನೇದು ನೆಲ, ಎರಡನೇದು ಡ್ರೈವರು. ನೆಲ ಜಾರಬಾರದು. ಕುದುರೆಗೆ ಕಾಲು ಅಗಲಿಸಿ ನಿಲ್ಲೋಕೆ ಜಾಗ ಬೇಕು. ನೋಡೋಕೆ ಚೆನ್ನಾಗಿರಲಿ ಅಂತ ನೆಲದವರೆಗೂ ಹಲಗೆ ಹೊಡೆದು ಇಕ್ಕಟ್ಟು ಮಾಡಿದರೆ ಅದು ಗೋಡೆಗೆ ಕಾಲು ಕೊಟ್ಟು ಒದ್ದಾಡುತ್ತೆ. ತಲೆಯನ್ನು ತೀರಾ ಮೇಲಕ್ಕೆ ಕಟ್ಟಿ ಗಂಟೆಗಟ್ಟಲೆ ಬಿಟ್ಟರೆ ಕಾಲು ಉಳಿದರೂ ಶ್ವಾಸಕೋಶ ಕೆಡುತ್ತೆ, ಆಗಾಗ ತಲೆ ಬಗ್ಗಿಸಿ ಗಂಟಲು ಸರಿ ಮಾಡಿಕೊಳ್ಳೋಕೆ ಬಿಡಬೇಕು. ಇನ್ನು ಡ್ರೈವರ್ ವಿಷಯ. ಹೊಸ ಡ್ರೈವರ್ ಬಂದರೆ ಮಾವ ಅವನನ್ನೇ ಖಾಲಿ ಫ್ಲೋಟಿನೊಳಗೆ ಕೈ ಕಟ್ಟಿಸಿ ನಿಲ್ಲಿಸಿ, ಬೇರೆಯವರ ಕೈಲಿ ಒಂದು ರೌಂಡು ಓಡಿಸ್ತಿದ್ರಂತೆ. ಆಮೇಲೆ ಅವನಿಗೆ ಬ್ರೇಕ್ ಬಗ್ಗೆ ಹೇಳಿಕೊಡೋದು ಏನೂ ಉಳೀತಿರಲಿಲ್ಲವಂತೆ.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನೂ ಇದೆ. ಪ್ರಾಣಿಗಳ ಸಾಗಾಣಿಕೆಗೆ 1978ರಲ್ಲಿ ಮಾಡಿದ ನಿಯಮಗಳು. ಕುದುರೆ, ಹೇಸರಗತ್ತೆ, ಕತ್ತೆಗಳನ್ನು ಲಾರಿಯಲ್ಲಿ ಒಯ್ಯುವಾಗ ಎರಡರ ನಡುವೆ ಕನಿಷ್ಠ 8 ಸೆಂಟಿಮೀಟರ್ ದಪ್ಪದ ಬಿದಿರಿನ ಗಳ ಇರಬೇಕು, ನಾಲ್ಕರಿಂದ ಆರಕ್ಕಿಂತ ಹೆಚ್ಚು ತುಂಬಬಾರದು, ಜೊತೆಗೊಬ್ಬ ಆಳು ಇರಬೇಕು, ವೇಗ ಗಂಟೆಗೆ 35 ಕಿಲೋಮೀಟರ್ ಮೀರಬಾರದು. ನೆಲಮಂಗಲದ ಹೈವೇಯಲ್ಲಿ 35ರಲ್ಲಿ ಹೋದರೆ ಹಿಂದಿನ ಲಾರಿಯವರು ನಮ್ಮ ವಂಶವನ್ನೆಲ್ಲಾ ನೆನೆಸಿಕೊಳ್ತಾರೆ. ಆದರೂ ನಿಯಮ ಬರೆದವರಿಗೆ ಲಾರಿಯಲ್ಲಿ ನಿಂತು ಹೋಗೋ ಕಷ್ಟ ಗೊತ್ತಿತ್ತು ಅನ್ನಿಸುತ್ತೆ.

ಇದೆಲ್ಲಾ ಕೋಟಿ ಬೆಲೆಯ ಕುದುರೆಗಳ ಮಾತಾಯ್ತು. ಉಳಿದವುಗಳ ಕತೆ ನಾನು ನೋಡಿದ್ದು ತುಮಕೂರಿನಲ್ಲಿ, ದೊಡ್ಡಮ್ಮನ ಮಗನ ಮದುವೆಯಲ್ಲಿ. ರಿಸೆಪ್ಷನ್‌ಗೆ ಮುಂಚೆ ಗಂಡು ಹೆಣ್ಣನ್ನು ಸಾರೋಟಿನಲ್ಲಿ ಕರೆತರೋದು ಅಂತ ಪ್ಲಾನ್. ಸಾರೋಟು ಮಧ್ಯಾಹ್ನವೇ ಬಂದು ನಿಂತಿತ್ತು. ಎರಡು ಬಿಳಿ ಕುದುರೆ ಸಂಜೆ ಒಂದು 407ರಲ್ಲಿ ಬಂದವು. ತಗಡಿನ ನೆಲ, ಮೇಲೆ ಒಂದು ಹಿಡಿ ಹುಲ್ಲು. ಇಳಿಸೋಕೆ ಹಲಗೆ ಇಲ್ಲ, ಹಿಂದಿನ ಡೋರ್ ತೆಗೆದು ಹಗ್ಗ ಎಳೆದರು, ಟಾರಿನ ಮೇಲೆ ಹಾರಬೇಕು. ಮೊದಲನೇದು ಹಾರಿತು. ಎರಡನೇದು ಹೆಣ್ಣುಕುದುರೆ, ಹಿಂದೆ ಮುಂದೆ ನೋಡಿ ಹಾರಿದಾಗ ಹಿಂಗಾಲು ಡೋರಿನ ಕೊಂಡಿಗೆ ತಗುಲಿತು. ಬಿಳಿ ಕಾಲು, ಆದ್ದರಿಂದ ರಕ್ತ ದೂರದಿಂದಲೂ ಕಾಣ್ತಿತ್ತು.

ಮಾವ ರೇಷ್ಮೆ ಪಂಚೆ, ಶಲ್ಯದಲ್ಲಿ ಇದ್ದರು. ಕೋಲೂರಿಕೊಂಡು ಹೋಗಿ ನೋಡಿದರು. ‘ಇದು ಇವತ್ತು ಎಳೆಯಲ್ಲ,’ ಅಂದರು.

ಶುರುವಾಯ್ತು ನೋಡಿ. ಬೀಗರ ಕಡೆಯ ಒಬ್ಬರು, ‘ಹತ್ತು ನಿಮಿಷದ ಮೆರವಣಿಗೆ, ಕುದುರೆ ಏನ್ ಸತ್ತೋಗುತ್ತಾ?’ ಅಂದರು. ವಿಡಿಯೋದವನು ಡ್ರೋನ್ ಬಿಟ್ಟುಕೊಂಡು ನಿಂತಿದ್ದ. ನಮ್ಮ ದೊಡ್ಡಪ್ಪ ಮಾವನನ್ನು ಪಕ್ಕಕ್ಕೆ ಕರೆದು, ‘ಹೆಣ್ಣಿನ ಕಡೆಯವ್ರ ಮುಂದೆ ಮರ್ಯಾದೆ ಪ್ರಶ್ನೆ ಕಣಪ್ಪ,’ ಅಂತ ಸಣ್ಣಗೆ ಹೇಳಿದರು. ಮಾವ ಜಗಳ ಆಡಲಿಲ್ಲ, ಸುಮ್ಮನೆ ಕುದುರೆಯ ಮುಂದೆ ನಿಂತುಕೊಂಡರು. ಕೊನೆಗೆ ಮದುಮಗನೇ ಪೇಟ ಸರಿ ಮಾಡಿಕೊಂಡು, ‘ನಡ್ಕೊಂಡೇ ಹೋಗೋಣ, ಇಲ್ಲೇ ಇದೆಯಲ್ಲ,’ ಅಂತ ಹೆಂಡತಿ ಕೈ ಹಿಡಿದು ಹೊರಟ. ನಾದಸ್ವರದವರು ಹಿಂದೆ ಓಡಿದರು. ಆ ಬೀಗರು ಊಟಕ್ಕೆ ನಿಲ್ಲಲಿಲ್ಲ. ದೊಡ್ಡಮ್ಮ ಇವತ್ತಿಗೂ ಮಾವನ ಹತ್ರ ಮೊದಲಿನ ಹಾಗೆ ಮಾತಾಡಲ್ಲ.

ಮಾವನಿಗೆ ಕೋಲು ಯಾಕೆ ಅಂತ ಹೇಳಲಿಲ್ಲ ಅಲ್ವಾ? ಒಂದು ಸಲ ಫ್ಲೋಟಿನಿಂದ ಇಳಿಸುವಾಗ ಕುದುರೆ ಬೆದರಿ ಹಿಂದಕ್ಕೆ ನುಗ್ಗಿ, ಹಲಗೆಯ ಅಂಚಿಗೂ ಅದಕ್ಕೂ ನಡುವೆ ಅವರ ಬಲಗಾಲು ಸಿಕ್ಕಿಬಿತ್ತು. ಕುದುರೆಗೆ ನಾಲ್ಕೂ ಕಾಲಿಗೆ ಮಾವನೇ ಕಟ್ಟಿದ ಪಟ್ಟಿ ಇತ್ತು, ಒಂದು ಗೀರೂ ಬೀಳಲಿಲ್ಲ. ಮಾವನ ಮಂಡಿ ಆಮೇಲೆ ಮಡಚಲೇ ಇಲ್ಲ. ಯಾರ ಲಾಯ ಅನ್ನೋದು ಬೇಡ. ಆಸ್ಪತ್ರೆ ಬಿಲ್ ಕಟ್ಟಿದರು, ಆರು ತಿಂಗಳಿಗೆ ಲೆಕ್ಕ ಚುಕ್ತಾ ಮಾಡಿ ಊರಿಗೆ ಕಳಿಸಿದರು.

ಹಾಗಾಗಿ ಅವತ್ತು ಮಾವನಿಗೆ ಬಗ್ಗಿ ಪಟ್ಟಿ ಕಟ್ಟೋಕೆ ಆಗಲ್ಲ. ಕುದುರೆ ನೋಡಿಕೊಳ್ಳೋ ಹುಡುಗ, ಮೀಸೆ ಈಗಷ್ಟೇ ಚಿಗುರಿದವನು, ಅಳೋ ಮುಖ ಮಾಡಿಕೊಂಡಿದ್ದ. ಬಾಟಲಿ ನೀರಿನಲ್ಲಿ ಗಾಯ ತೊಳೆಸಿದರು. ನನ್ನನ್ನು ಮೆಡಿಕಲ್ ಶಾಪಿಗೆ ಓಡಿಸಿದರು, ಹತ್ತಿಯ ದೊಡ್ಡ ರೋಲು, 15 ಸೆಂಟಿಮೀಟರಿನ ಕ್ರೇಪ್ ಬ್ಯಾಂಡೇಜು, ಕಾಲಿಗೆ ಎರಡರಂತೆ 16. ಅಂಗಡಿಯವನು ಗಾಬರಿಯಾಗಿ ‘ಆಕ್ಸಿಡೆಂಟಾ ಸಾರ್?’ ಅಂದ. ಕುದುರೆಗೆ ಅಂದ ಮೇಲೆ ಇನ್ನೂ ಗಾಬರಿಯಾದ. ಅವನ ಹತ್ರ ಇದ್ದದ್ದು 11.

ಮಾವ ಪ್ಲಾಸ್ಟಿಕ್ ಚೇರ್ ಹಾಕಿಸಿಕೊಂಡು ಕೂತರು. ‘ಮಂಡಿ ಊರ್ಬೇಡ ಕಣೋ. ಕುಕ್ಕರುಗಾಲಲ್ಲಿ ಕೂತ್ಕೊ. ಅದು ಕಾಲೆತ್ತಿದ್ರೆ ನೀನು ಎದ್ದು ಆಚೆ ಹೋಗೋ ಹಂಗಿರ್ಬೇಕು.’ ಹುಡುಗ ಕಟ್ಟಿದ. ‘ಬಿಚ್ಚು.’ ಮತ್ತೆ ಕಟ್ಟಿದ. ‘ಮೇಲ್ಗಡೆ ಒಂದು ಬೆರಳು ತೂರ್ಸು. ತೂರ್ತಾ? ಕೆಳಗೆ? ಕೆಳಗೆ ಹೋಗ್ತಿಲ್ಲ ಅಂದ್ರೆ ಬಿಗಿ ಆಯ್ತು. ಬಿಚ್ಚು.’ ಮೂರನೇ ಸಲಕ್ಕೆ ಸರಿಹೋಯ್ತು. ಹೆಣ್ಣುಕುದುರೆಯ ನಾಲ್ಕು ಕಾಲಿಗೆ 8 ಹೋದವು. ಉಳಿದ ಮೂರನ್ನು ಇನ್ನೊಂದಕ್ಕೆ ಹಾಕೋಣವಾ ಅಂತ ಹುಡುಗ ಕೇಳಿದ. ‘ಅರ್ಧಂಬರ್ಧ ಬೇಡ. ಇಟ್ಕೋ, ಒಗೆದು ಬದಲಾಯಿಸೋಕೆ ಬೇಕಾಗುತ್ತೆ.’

ಪಟ್ಟಿ ಅಭ್ಯಾಸ ಇಲ್ಲದ ಕುದುರೆ ಕೆಸರಿನಲ್ಲಿ ನಡೆಯೋ ಕೊಕ್ಕರೆ ಹಾಗೆ ಕಾಲೆತ್ತಿ ಎತ್ತಿ ಇಡುತ್ತೆ. ಅದಕ್ಕೇ ಕಾಲು ಗಂಟೆ ಪಾರ್ಕಿಂಗ್ ಜಾಗದಲ್ಲಿ ನಡೆಸಿದರು. ಪಕ್ಕದಲ್ಲಿ ಕಟ್ಟಡ ಕೆಲಸದ ಎಂ ಸ್ಯಾಂಡ್ ರಾಶಿ ಇತ್ತು, ಕಾವಲುಗಾರನನ್ನು ಕೇಳಿ ಎಂಟು ಬಾಂಡ್ಲಿ ತಗಡಿನ ಮೇಲೆ ಹರಡಿಸಿ ನೀರು ಚಿಮುಕಿಸಿದರು. ಶಾಮಿಯಾನದವನ ಹತ್ರ ಒಂದು ಗಳ ಸಿಕ್ಕಿತು, ಎರಡು ಕುದುರೆಗಳ ನಡುವೆ ಕಟ್ಟಿದ್ದಾಯ್ತು. ಹತ್ತಿಸೋಕೆ ಗಾಡಿಯನ್ನು ರಸ್ತೆ ಪಕ್ಕದ ಮಣ್ಣಿನ ದಿಬ್ಬಕ್ಕೆ ರಿವರ್ಸ್ ತಂದು ನಿಲ್ಲಿಸಿದರು. ಯಾರೂ ಹಗ್ಗ ಎಳೆಯಲಿಲ್ಲ, ಮನೆ ಹೊಸಿಲು ದಾಟಿದ ಹಾಗೆ ಎರಡೂ ದಾಟಿದವು.

ಡ್ರೈವರ್ ಒಳ್ಳೆಯವನೇ. ‘ಯಜಮಾನ್ರೆ, ಇಷ್ಟೆಲ್ಲಾ ಮಾಡೋಕೆ ನಮ್ಗೆ ಯಾರ್ ಕೊಡ್ತಾರೆ? ಸೀಸನ್ನಲ್ಲಿ ದಿನಕ್ಕೆ ಎರಡು ಮದ್ವೆ,’ ಅಂದ. ಮಾವ, ‘ಮಳ್ಳು ದುಡ್ಡು ಕೇಳ್ತಾ? ದಿಬ್ಬ ಕೇಳ್ತಾ?’ ಅಂದರು. ಬ್ಯಾಂಡೇಜಿನ ಮಾತು ಅವರು ಎತ್ತಲಿಲ್ಲ, ಬಿಲ್ಲು ನನ್ನ ಜೇಬಿನಲ್ಲಿತ್ತು. ಹೊರಡುವಾಗ ಹುಡುಗನಿಗೆ ಎರಡು ಮಾತು ಹೇಳಿದರು. ಲಾಯ ಸೇರಿದ ತಕ್ಷಣ ಪಟ್ಟಿ ಬಿಚ್ಚು, ಸೆಕೆಗೆ ಒಳಗೆ ಬೇಯುತ್ತೆ. ನಾಳೆ ಬೆಳಗ್ಗೆ ಪಶು ಆಸ್ಪತ್ರೆಗೆ ಕರ್ಕೊಂಡು ಹೋಗಿ ಟಿ.ಟಿ. ಇಂಜೆಕ್ಷನ್ ಹಾಕ್ಸು, ಧನುರ್ವಾಯು ಕುದುರೆಗೆ ಬಂದಷ್ಟು ಬೇಗ ಇನ್ಯಾವ ಪ್ರಾಣಿಗೂ ಬರಲ್ಲ.

ಹುಡುಗ ನನ್ನ ನಂಬರ್ ತಗೊಂಡಿದ್ದ. ಈಗ ಮದುವೆ ಸೀಸನ್ ಬಂತು ಅಂದ್ರೆ ಸಂಜೆ ನಾಲ್ಕರ ಸುಮಾರಿಗೆ, ನನ್ನ ಸ್ಟೇಟಸ್ ಮೀಟಿಂಗ್ ಹೊತ್ತಿಗೆ ಸರಿಯಾಗಿ, ವಾಟ್ಸಪ್‌ನಲ್ಲಿ ಫೋಟೋ ಬರುತ್ತೆ. ಎಂಟು ಕಾಲು, ಎಂಟು ಫೋಟೋ. ನಾನು ಮಾವನಿಗೆ ಕಳಿಸ್ತೀನಿ. ಮಾವನಿಗೆ ಟೈಪ್ ಮಾಡೋಕೆ ಬರಲ್ಲ, ವಾಯ್ಸ್ ಮೆಸೇಜ್ ಕಳಿಸ್ತಾರೆ, ಹಿನ್ನೆಲೆಯಲ್ಲಿ ಅತ್ತೆ ಕುಕ್ಕರ್ ಕೂಗ್ತಿರುತ್ತೆ. ಹೋದ ಶುಕ್ರವಾರದ್ದು ಹೀಗಿತ್ತು: ‘ಬಲಗಡೆ ಹಿಂಗಾಲು ಬಿಚ್ಚು ಅಂತ ಹೇಳು. ಹತ್ತಿ ಮೇಲಕ್ಕೆ ಸರ್ದೈತೆ, ಹಿಮ್ಮಡಿ ಕಾಣ್ತೈತೆ. ಇನ್ನೆರಡು ಬೆರಳು ಕೆಳಗೆ ಬರ್ಲಿ. ಗಾಡಿ ಆಮೇಲ್ ಹೊರಡ್ಲಿ.’