ಬೆನ್ನಿನ ಗಾಯ ಮತ್ತು ಪದಗಳ ಹೊಣೆ

ಬೆನ್ನು ತೋರಿಸುವುದೆಂದರೆ ಸೋಲು, ಬೆನ್ನಿಗೆ ಚೂರಿ ಹಾಕುವುದೆಂದರೆ ದ್ರೋಹ, ಬೆನ್ನಿಗೆ ನಿಲ್ಲುವುದೆಂದರೆ ಆಸರೆ. ಕನ್ನಡದ ನುಡಿಗಟ್ಟುಗಳಲ್ಲಿ ಬೆನ್ನು ದೇಹದ ಅಂಗವಾಗಿರುವುದಕ್ಕಿಂತ ಮಾನಾವಮಾನಗಳ ಅಳತೆಗೋಲಾಗಿರುವುದೇ ಹೆಚ್ಚು. ಆಸ್ಪತ್ರೆಯ ಕೇಸ್ ಪೇಪರಿನಲ್ಲಿ ಈ ಅರ್ಥಗಳಿಗೆ ಜಾಗವಿಲ್ಲ. ಅಲ್ಲಿ ಕೇಳುವ ಪ್ರಶ್ನೆಗಳು ಮೂರೇ: ಗಾಯ ಎಲ್ಲಿ, ಎಂಥದು, ಹೇಗಾಯಿತು. ಉತ್ತರ ಬರುವುದು ರೋಗಿಯ ಬಾಯಿಂದ, ಅವನ ಮನೆಮಾತಿನಲ್ಲಿ. ಅದು ಕೊನೆಗೆ ಸೇರುವುದು ಅಕ್ಷರ ಮತ್ತು ಅಂಕಿಗಳ ಒಂದು ಸಂಕೇತದಲ್ಲಿ. ಗಡಿಭಾಗದಲ್ಲಿ ಈ ದಾರಿ ಎರಡು ಭಾಷೆಗಳನ್ನು ಹಾದು ಹೋಗುತ್ತದೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಇದು ಹೊರಗಿನ ವಿಷಯವೆಂದು ತೋರಬಹುದು. ಆದರೆ ಇದರ ಮೂಲದಲ್ಲಿರುವುದು ಶಬ್ದಾರ್ಥದ ಸಮಸ್ಯೆಯೇ.

ಮರಣಕಾರಣಗಳ ಅಂತರರಾಷ್ಟ್ರೀಯ ಪಟ್ಟಿಯೊಂದನ್ನು ಫ್ರಾನ್ಸಿನ ಸಂಖ್ಯಾಶಾಸ್ತ್ರಜ್ಞ ಜಾಕ್ ಬರ್ತಿಯೋ 1893ರಲ್ಲಿ ಮುಂದಿಟ್ಟನು. ಅದೇ ಬೆಳೆದು ಇಂದಿನ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣವಾಯಿತು. ಅದರ ಹತ್ತನೆಯ ಪರಿಷ್ಕರಣವನ್ನು ವಿಶ್ವ ಆರೋಗ್ಯ ಸಭೆ 1990ರಲ್ಲಿ ಅಂಗೀಕರಿಸಿತು. ಹನ್ನೊಂದನೆಯದು 2022ರ ಜನವರಿ 1ರಿಂದ ಜಾರಿಯಲ್ಲಿದ್ದರೂ ನಮ್ಮ ಆಸ್ಪತ್ರೆಗಳಲ್ಲಿ ಹತ್ತನೆಯದರ ಬಳಕೆ ಇನ್ನೂ ವ್ಯಾಪಕವಾಗಿದೆ. ಈ ಹತ್ತನೆಯ ವರ್ಗೀಕರಣವು ಬೆನ್ನನ್ನು ಒಂದೇ ಅಂಗವೆಂದು ಎಣಿಸುವುದಿಲ್ಲ. ಪಕ್ಕೆಲುಬುಗಳ ಭಾಗದ, ಅಂದರೆ ಎದೆಗೂಡಿನ ಹಿಂಬದಿಯ ತೆರೆದ ಗಾಯಕ್ಕೆ ಎಸ್ 21.2, ಅದರ ಕೆಳಗಿನ ಬೆನ್ನು ಹಾಗೂ ಕಟಿಭಾಗದ ತೆರೆದ ಗಾಯಕ್ಕೆ ಎಸ್ 31.0. ಮುಂಡದ ಮೇಲಿನ ಗಾಯ ಯಾವ ಮಟ್ಟದಲ್ಲಿದೆಯೆಂದು ಬರೆಯದೆ ಬಿಟ್ಟರೆ ಅದು ಟಿ 09.1ಕ್ಕೆ, ನೆಲೆ ತಿಳಿಯದ ಗಾಯಗಳ ಗುಂಪಿಗೆ ಸೇರುತ್ತದೆ. ಈ ವಿಂಗಡಣೆ ಬರಿಯ ಲೆಕ್ಕದ ಸೊಗಸಲ್ಲ. ಮೇಲಿನ ಗಾಯ ಆಳವಾದರೆ ಶ್ವಾಸಕೋಶಕ್ಕೆ ಅಪಾಯ, ಕೆಳಗಿನದು ಆಳವಾದರೆ ಮೂತ್ರಪಿಂಡಕ್ಕೆ, ನಡುಗೆರೆಯಲ್ಲಿದ್ದರೆ ಬೆನ್ನುಹುರಿಗೆ.

ಕಷ್ಟ ಹುಟ್ಟುವುದು ಇಲ್ಲಿಯೇ. ಗಡಹಿಂಗ್ಲಜ ತಾಲೂಕಿನ ಹಲವು ಹಳ್ಳಿಗಳಲ್ಲಿ ಮನೆಯ ಮಾತು ಕನ್ನಡ, ಕಛೇರಿಯ ಮಾತು ಮರಾಠಿ. ಅಲ್ಲಿಯ ರೈತ ‘ಡುಬ್ಬಕ್ಕ ಬಡದೈತಿ’ ಎನ್ನುತ್ತಾನೆ. ಡುಬ್ಬವೆಂದರೆ ಹೆಗಲಿನಿಂದ ಸೊಂಟದವರೆಗಿನ ಇಡೀ ಹರವು. ಅದನ್ನು ಮರಾಠಿಯಲ್ಲಿ ‘ಪಾಠ’ ಎಂದು ಬರೆದುಕೊಂಡರೂ ಮಟ್ಟ ತಿಳಿಯುವುದಿಲ್ಲ. ‘ನಡ’ ಎಂದರೆ ‘ಕಂಬರ’ವಾಗುತ್ತದೆ, ಆದರೆ ನೋವು ನಡದಲ್ಲಿದ್ದು ಗಾಯ ಪಕ್ಕೆಲುಬಿನ ಮೇಲಿರಲೂಬಹುದು. ಪದವನ್ನು ಪದಕ್ಕೆ ಸರಿದೂಗಿಸಿದ ಮಾತ್ರಕ್ಕೆ ಅನುವಾದ ಮುಗಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಕೈಯಿಟ್ಟು ತೋರಿಸಲು ಹೇಳಿ, ಎಡವೋ ಬಲವೋ, ಎಷ್ಟನೆಯ ಪಕ್ಕೆಲುಬಿನ ಹತ್ತಿರವೋ, ಎಷ್ಟು ಉದ್ದ, ಎಷ್ಟು ಆಳವೋ ಎಂದು ಬರೆದಾಗಲೇ ಅದು ದಾಖಲೆ.

ಇಚಲಕರಂಜಿಯ ಮಗ್ಗಗಳ ಸಾಲಿನಲ್ಲಿ ಎರಡನೆಯ ಪ್ರಶ್ನೆ ಎದುರಾಗುತ್ತದೆ. ಲಾಳಿಯಿರುವ ವಿದ್ಯುತ್ ಮಗ್ಗದಲ್ಲಿ ಲಾಳಿ ಒಮ್ಮೊಮ್ಮೆ ದಾರಿ ತಪ್ಪಿ ಹೊರಕ್ಕೆ ಸಿಡಿಯುತ್ತದೆ. ಅದರ ಮೊನೆಗೆ ಲೋಹವಿದೆ, ಮೈ ಮರದ್ದು. ಸಾಲುಗಳ ನಡುವೆ ನಿಂತು ಹಲವು ಮಗ್ಗಗಳನ್ನು ನೋಡಿಕೊಳ್ಳುವ ಕೆಲಸಗಾರನ ಬೆನ್ನು ಸದಾ ಯಾವುದೋ ಒಂದು ಮಗ್ಗದ ಕಡೆಗಿರುತ್ತದೆ. ಅಂಥವನ ಗಾಯ ಹರಿದದ್ದೋ ಚುಚ್ಚಿದ್ದೋ, ಒಳಗೆ ಮರದ ಸಿಬಿರು ಉಳಿದಿದೆಯೋ ಎಂಬುದನ್ನು ಬರೆಯಲೇಬೇಕು. ಅಮೆರಿಕದಲ್ಲಿ ಬಳಸುವ ಇದೇ ವರ್ಗೀಕರಣದ ವಿಸ್ತೃತ ರೂಪದಲ್ಲಿ ಈ ಒಂದೊಂದು ಭೇದಕ್ಕೂ ಪ್ರತ್ಯೇಕ ಅಂಕಿಯಿದೆ. ಘಟನೆ ನಡೆದ ಸ್ಥಳಕ್ಕೂ ಅಂಕಿಯುಂಟು: ಮನೆಗೆ 0, ರಸ್ತೆಗೆ 4, ಕಾರ್ಖಾನೆಗೆ 6, ಹೊಲಕ್ಕೆ 7. ಆ 6 ಬೀಳದೆ ಹೋದರೆ, ಗಾಯ ದುಡಿಮೆಯಲ್ಲಿ ಆದದ್ದೆಂಬ ಮಾತೇ ದಾಖಲೆಯಿಂದ ಅಳಿಸಿಹೋಗುತ್ತದೆ. ಮುಂದೆ ಪರಿಹಾರ ಕೇಳುವ ಕೆಲಸಗಾರನಿಗೆ ಅದರ ಬೆಲೆ ತಿಳಿಯುತ್ತದೆ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಸೂಕ್ಷ್ಮ. ‘ಇರಿ’ ಎಂಬ ಧಾತುವನ್ನು ವಿದ್ಯಾರ್ಥಿಗಳು ಹಳಗನ್ನಡದಿಂದ ಬಲ್ಲರು. ವೀರಗಲ್ಲುಗಳ ಶಾಸನಗಳಲ್ಲಿ ಅದು ಕಾದಾಟದ ಪದ. ರನ್ನನ ಆಶ್ರಯದಾತ ಸತ್ಯಾಶ್ರಯನ ‘ಇರಿವಬೆಡಂಗ’ ಎಂಬ ಬಿರುದಿನಲ್ಲಿ ಅದು ಕೀರ್ತಿಯ ಪದ. ಇಂದು ಎತ್ತೂ ಇರಿಯುತ್ತದೆ, ಮನುಷ್ಯನೂ ಇರಿಯುತ್ತಾನೆ. ಆದರೆ ಎತ್ತಿನ ಕೊಂಬಿಗೆ ಸಂಕೇತ ಡಬ್ಲ್ಯೂ 55, ಹರಿತವಾದ ಆಯುಧದ ಹಲ್ಲೆಗೆ ಎಕ್ಸ್ 99. ಮೊದಲನೆಯದು ಅಪಘಾತ, ಎರಡನೆಯದು ಅಪರಾಧ. ‘ಬೆನ್ನಿಗೆ ಇರಿತ’ ಎಂದಷ್ಟೇ ಬರೆದ ಕಾಗದ ಎರಡಕ್ಕೂ ಬಾಗಿಲು ತೆರೆದಿಡುತ್ತದೆ.

ಹೊಲದಿಂದ ಬಂದ ಹೆಣ್ಣುಮಗಳೊಬ್ಬಳು, ಗಂಡ ಪಕ್ಕದಲ್ಲಿ ನಿಂತಿರುವಾಗ, ‘ಕುಡಗೋಲಿನ ಮ್ಯಾಲ ಬಿದ್ದೆ’ ಎಂದಳೆನ್ನೋಣ. ಅದು ನಿಜವಿರಬಹುದು, ಇಲ್ಲದೆಯೂ ಇರಬಹುದು. ತೀರ್ಪು ಕೊಡುವುದು ಬರೆಯುವವರ ಕೆಲಸವಲ್ಲ; ಹೇಳಿದ್ದನ್ನೂ ಕಂಡದ್ದನ್ನೂ ಬೇರೆಬೇರೆಯಾಗಿ ಬರೆಯುವುದು ಅವರ ಕೆಲಸ. ‘ರೋಗಿಯ ಹೇಳಿಕೆಯಂತೆ’ ಎಂದು ಅವಳ ಮಾತನ್ನು ಅವಳ ಪದಗಳಲ್ಲೇ ಇಟ್ಟು, ಗಾಯದ ಅಂಚು, ದಿಕ್ಕು, ಆಳಗಳನ್ನು ಪ್ರತ್ಯೇಕವಾಗಿ ಗುರುತಿಸಬೇಕು. ಅಪಘಾತವೋ ಹಲ್ಲೆಯೋ ನಿರ್ಧರಿಸಲು ವಿವರ ಸಾಲದಿದ್ದರೆ ಅದಕ್ಕೂ ವೈ 28 ಎಂಬ ಸಂಕೇತವಿದೆ. ಸಂದೇಹವನ್ನು ಸಂದೇಹವಾಗಿಯೇ ಉಳಿಸುವ ಈ ಸೌಲಭ್ಯ ಸಣ್ಣದಲ್ಲ. ಆಕೆಯನ್ನು ಹೆಚ್ಚಿನ ಚಿಕಿತ್ಸೆಗಾಗಿ ಕೊಲ್ಹಾಪುರದ ಛತ್ರಪತಿ ಪ್ರಮಿಲಾರಾಜೇ ಆಸ್ಪತ್ರೆಗೆ ಕಳಿಸಿದರೆ, ಅಲ್ಲಿಯ ವೈದ್ಯರು ನೋಡುವ ಹೊತ್ತಿಗೆ ಗಾಯಕ್ಕೆ ಹೊಲಿಗೆ ಬಿದ್ದಿರುತ್ತದೆ. ಮೂಲ ಸ್ವರೂಪ ಉಳಿದಿರುವುದು ಮೊದಲು ಬರೆದ ಕಾಗದದಲ್ಲಿ ಮಾತ್ರ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 116ನೆಯ ಕಲಮಿನಲ್ಲಿ ತೀವ್ರ ಗಾಯದ ಒಂದು ಲಕ್ಷಣ 15 ದಿನಗಳ ತೀವ್ರ ಯಾತನೆ. ಹಳೆಯ ದಂಡಸಂಹಿತೆಯಲ್ಲಿ ಅದು 20 ದಿನವಿತ್ತು. ಆ ದಿನಗಳ ಎಣಿಕೆಗೂ ಅದೇ ಕಾಗದ ಆಧಾರ.

ಕನ್ನಡ ಓದಿದವರು ಗಡಿಯ ಊರುಗಳ ಆಸ್ಪತ್ರೆಗಳಲ್ಲಿ ಕೇಸ್ ಪೇಪರ್ ಬರೆಯುವ ಮೇಜಿನ ಹಿಂದೆ ಕೂರುವ ಸಂದರ್ಭ ಅಪರೂಪವೇನಲ್ಲ. ರೋಗಿಯ ಜೊತೆಗೆ ಬಂದು ದುಭಾಷಿಯಾಗಿ ನಿಲ್ಲುವ ಸಂದರ್ಭವಂತೂ ಎಲ್ಲರಿಗೂ ಒದಗುವಂಥದು. ಅಂಥ ಹೊತ್ತಿನಲ್ಲಿ ‘ಡುಬ್ಬ ಅಂದರೆ ಎಲ್ಲಿ? ಇರಿದದ್ದು ಯಾವುದು?’ ಎಂದು ಇನ್ನೊಮ್ಮೆ ಕೇಳುವ ತಾಳ್ಮೆ ಇರಬೇಕು. ತರಗತಿಯಲ್ಲಿ ಒಂದು ಪದದ ಅರ್ಥಚ್ಛಾಯೆಗಳನ್ನು ಬಿಡಿಸಿ ನೋಡುವ ಅಭ್ಯಾಸ ಅವರಿಗೆ ಹೇಗೂ ಇದೆ; ಅದನ್ನು ನೋವಿನಲ್ಲಿರುವವರ ಮಾತಿಗೂ ಅನ್ವಯಿಸಬೇಕಾಗಿದೆ.