ಪುನರ್ವಸು ಮಳೆಯ ಮೊಹರಂ

ಮಸೂತಿಯ ಮುಂದೆ ಮೊಹರಂ ಬೆಂಕಿಗೆಂದು ತೋಡುವ ಅಲಾಯಿ ಕುಣಿಗೆ ಮೊದಲ ಗುದ್ದಲಿ ಹಾಕುವ ಹಕ್ಕು ಆ ಊರಿನಲ್ಲಿ ಒಂದು ತಳವಾರರ ಮನೆಗೆ ಸೇರಿದ್ದು. ಕಟ್ಟಿಗೆ ತಂದು ಒಟ್ಟುವವರು ಕುರುಬರ ಓಣಿಯವರು. ಪಂಜಾ ಏರಿಸುವ ಕೋಲು ಬಡಿಗೇರರ ಮನೆಯದು, ಮೊದಲ ಕೊಡ ನೀರು ಗೌಡರ ಮನೆಯದು, ಸಕ್ಕರೆಯ ಮೇಲೆ ಫಾತಿಹಾ ಓದುವವರು ಮುಲ್ಲಾ. ಇಡೀ ಊರಿನಲ್ಲಿ ಮುಸ್ಲಿಮರ ಮನೆಗಳು ಬೆರಳೆಣಿಕೆಯಷ್ಟು. ಮೊಹರಂ ಮಾತ್ರ ಎಲ್ಲ ಮನೆಗಳದು.

ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಒಂದು ಸಣ್ಣ ಊರು ಅದು. 2025ರ ಜುಲೈ ಮೊದಲ ವಾರ ನಾನಲ್ಲಿದ್ದೆ. ಹಳೆ ಮೈಸೂರು ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಮೊಹರಂ ಎಂದರೆ ಕ್ಯಾಲೆಂಡರಿನ ಕೆಂಪು ಅಂಕಿ, ಶಾಲೆಗೆ ರಜೆ, ಅಷ್ಟೆ. ಮುದಗಲ್ಲಿನಲ್ಲಿ ಬಸ್ಸಿಳಿದಾಗಲೇ ಬೇರೊಂದು ಲೋಕಕ್ಕೆ ಬಂದಿದ್ದೇನೆ ಅನ್ನಿಸಿತು. ಅಂಗಡಿಗಳ ಮುಂದೆ ಸಕ್ಕರೆ ಗುಡ್ಡೆ, ಕೆಂಪು ಲಾಡಿಗಳ ಗೊಂಚಲು, ಮಲ್ಲಿಗೆ ದಂಡೆ, ಗಾಳಿಯ ತುಂಬ ಊದಿನ ಹೊಗೆ. ವಿಜಯನಗರದವರೂ ಬಹಮನಿಗಳೂ ಆಮೇಲೆ ಆದಿಲ್‌ಶಾಹಿಗಳೂ ಕಾದಾಡಿ ಕಾದಾಡಿ ಕೈ ಬದಲಾಯಿಸಿಕೊಂಡ ಕೋಟೆಯ ಊರು ಇದು. ಅದೇ ಕೋಟೆಯ ನೆರಳಲ್ಲಿರುವ ಹುಸೇನಿ ಆಲಂ ದರ್ಗಾಕ್ಕೆ ಈಗ ಆಂಧ್ರ, ತೆಲಂಗಾಣ, ಮಹಾರಾಷ್ಟ್ರದಿಂದಲೂ ಜನ ಹರಕೆ ಹೊತ್ತು ಬರುತ್ತಾರೆ. ಆ ಜನಸಾಗರವನ್ನು ಕಣ್ತುಂಬಿಕೊಂಡು ಟಂಟಂ ಹತ್ತಿದೆ. ನನಗೆ ಬೇಕಾಗಿದ್ದದ್ದು ಒಂದು ಓಣಿಯ ಹಬ್ಬ.

ಹೊಲಗಳಲ್ಲಿ ತೊಗರಿ, ಸಜ್ಜೆ ಆಗತಾನೆ ಎರಡೆಲೆ ಬಿಟ್ಟಿದ್ದವು. ಟಂಟಂನಲ್ಲಿ ನನ್ನೊಡನೆ ಇದ್ದವರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋದ ಹುಡುಗರು. ಒಬ್ಬ ಹೇಳಿದ, “ದೀಪಾವಳಿಗೆ ರಜಾ ಸಿಗದಿದ್ರ ಬಿಡ್ತೀವ್ರಿ ಅಕ್ಕಾರ. ಅಲಾಯಿಗೆ ಮಾತ್ರ ಬಂದ ಬರ್ತೀವಿ.” ಅವನ ಹೆಸರಿಗೂ ಇಸ್ಲಾಮಿಗೂ ಯಾವ ಸಂಬಂಧವೂ ಇರಲಿಲ್ಲ. ಕೊರಳಲ್ಲಿ ಈಗಾಗಲೇ ಫಕೀರರ ಕೆಂಪು ಲಾಡಿ ಇತ್ತು. ಚಿಕ್ಕಂದಿನಲ್ಲಿ ಜಡ್ಡು ಬಿದ್ದಾಗ ತಾಯಿ ಅವನನ್ನು ‘ಫಕೀರ ಮಾಡ್ತೀನಿ’ ಎಂದು ಹರಕೆ ಹೊತ್ತಿದ್ದಳಂತೆ. ಅಂದಿನಿಂದ ವರ್ಷವರ್ಷವೂ ಈ ಹತ್ತು ದಿನಗಳಲ್ಲಿ ಅವನು ಫಕೀರ.

ಮಸೂತಿ ಅಂದರೆ ದೊಡ್ಡ ಕಟ್ಟಡವೇನಲ್ಲ. ಸುಣ್ಣ ಬಳಿದ ಒಂದೇ ಕೋಣೆ, ಮುಂದೆ ಮೂರು ಮೆಟ್ಟಿಲಿನ ಕಲ್ಲಿನ ಕಟ್ಟೆ, ಪಕ್ಕದಲ್ಲಿ ಬೇವಿನಮರ. ಒಳಗೆ ಸಾಲಾಗಿ ನಿಂತಿದ್ದ ಪೀರಲ ದೇವರುಗಳನ್ನು ಹತ್ತಿರದಿಂದ ನೋಡಲು ಮುಲ್ಲಾ ಕರೆದರು. ವರ್ಷವಿಡೀ ಪೆಟ್ಟಿಗೆಯಲ್ಲಿ ಮಲಗಿರುವ ಹಿತ್ತಾಳೆಯ ಪಂಜಾಗಳಿವು. ಹಬ್ಬಕ್ಕೆ ಮುಂಚೆ ಹುಣಸೆಹಣ್ಣು ಹಾಕಿ ತಿಕ್ಕಿ, ಕೋಲಿಗೇರಿಸಿ, ಕೆಂಪು ಹಸಿರು ಬಟ್ಟೆ ಉಡಿಸಿ, ಹೂವಿನ ದಂಡೆ ಹಾಕುತ್ತಾರೆ. ನಡುವಿನ ಪಂಜಾದ ಐದು ಬೆರಳುಗಳಲ್ಲಿ ಕಿರುಬೆರಳು ಯಾವಾಗಲೋ ಮುರಿದು ಬೆಸುಗೆ ಹಾಕಿಸಿಕೊಂಡಿತ್ತು. ಬೆಸುಗೆಯ ಗಂಟು ಅಲ್ಲಿ ಉಬ್ಬಿ ನಿಂತಿದೆ. ಅಂಗೈಯಲ್ಲಿ ಕೊರೆದಿದ್ದ ಅಕ್ಷರಗಳು ತಲೆತಲಾಂತರದ ತಿಕ್ಕಾಟಕ್ಕೆ ಸವೆದು, ಬೆರಳಿಟ್ಟರೆ ಮಾತ್ರ ತಿಳಿಯುವಷ್ಟು ಉಳಿದಿವೆ. ಎಷ್ಟು ಕೈಗಳು ಈ ಕೈಯನ್ನು ತೊಳೆದಿರಬೇಕು! ಮುಲ್ಲಾ ನವಿಲುಗರಿಯ ಕಟ್ಟನ್ನು ನನ್ನ ತಲೆಗೆ ಮುಟ್ಟಿಸಿ ಚಿಟಿಕೆ ಸಕ್ಕರೆ ಕೊಟ್ಟರು.

ಈ ಹಬ್ಬ ನೆನೆಯುವುದು ಒಂದು ಹಳೆಯ ಸಾವನ್ನು. ಕ್ರಿ.ಶ. 680ರ ಅಕ್ಟೋಬರಿನಲ್ಲಿ ಈಗಿನ ಇರಾಕಿನ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ತಮ್ಮ ಸಣ್ಣ ಪರಿವಾರದೊಂದಿಗೆ ಖಲೀಫ ಯಜೀದನ ದೊಡ್ಡ ಸೈನ್ಯದ ನಡುವೆ ಸಿಕ್ಕಿಕೊಂಡರು. ಕೈಯಳತೆಯಲ್ಲಿ ಫುರಾತ್ ನದಿ ಹರಿಯುತ್ತಿತ್ತು. ಶತ್ರುಗಳು ನೀರಿನ ದಾರಿ ಕಟ್ಟಿದರು. ಮಕ್ಕಳು ಬಾಯಾರಿ ಅತ್ತವು. ನೀರು ತರಲು ಹೋದ ತಮ್ಮ ಅಬ್ಬಾಸರ ಎರಡೂ ತೋಳುಗಳನ್ನು ಕತ್ತರಿಸಿದರು. ಮೊಹರಂ ತಿಂಗಳ ಹತ್ತನೆಯ ದಿನ ಹುಸೇನರೂ ಹತರಾದರು. ದಖ್ಖನಿನಲ್ಲಿ ಈ ನೆನಪಿಗೆ ಆಸರೆ ಕೊಟ್ಟವರಲ್ಲಿ ಬಿಜಾಪುರದ ಸುಲ್ತಾನರೂ ಇದ್ದರು. 16ನೇ ಶತಮಾನದ ಆರಂಭದಲ್ಲಿ ಯೂಸುಫ್ ಆದಿಲ್ ಖಾನ್ ಶಿಯಾ ಪಂಥವನ್ನು ರಾಜ್ಯದ ಪಂಥವೆಂದು ಸಾರಿದ. ಆದರೆ ಸುಲ್ತಾನರು ಹೋಗಿ ಮುನ್ನೂರು ವರ್ಷಗಳ ಮೇಲಾಯಿತು. ಅರಮನೆಯ ಆಸರೆ ಇಲ್ಲದೆ ಹಬ್ಬ ಹೇಗೆ ನಿಂತಿತು? ನನಗೆ ಕಂಡಂತೆ, ಅದು ಮನೆಮನೆಗೂ ಒಂದೊಂದು ಕೆಲಸವಾಗಿ ಹಂಚಿಹೋದದ್ದರಿಂದ ನಿಂತಿತು. ಸವದತ್ತಿ ತಾಲೂಕಿನ ಹಿರೇಬಿದನೂರಿನಲ್ಲಿ ಮುಸ್ಲಿಮರ ಮನೆಗಳೇ ಇಲ್ಲ, ಆದರೂ ಊರವರು ಮಸೀದಿಯನ್ನು ಕಾಪಾಡಿಕೊಂಡು ಮೊಹರಂ ಮಾಡುತ್ತಾರೆ. ಗುದ್ದಲಿ ಹಿಡಿಯುವ ಮನೆ, ಕಟ್ಟಿಗೆ ತರುವ ಮನೆ, ಪದ ಹೇಳುವ ಮನೆ ಇರುವ ತನಕ ಕರ್ಬಲಾ ಯಾರಿಗೂ ದೂರದ ದೇಶವಲ್ಲ.

ಒಂಬತ್ತನೆಯ ರಾತ್ರಿಯನ್ನು ಇಲ್ಲಿ ಕತ್ತಲ ರಾತ್ರಿ ಅನ್ನುತ್ತಾರೆ. ಬೀದಿದೀಪ ಉರಿಯುತ್ತಿದ್ದರೂ ಊರಿನ ಬೆಳಕೆಲ್ಲ ಕುಣಿಯ ಬೆಂಕಿಯದೇ. ಹೆಂಗಸರು ಸೆರಗಿನಲ್ಲಿ ಉಪ್ಪು ಕಟ್ಟಿಕೊಂಡು ಬಂದು ಬೆಂಕಿಗೆ ಹಾಕುತ್ತಿದ್ದರು. ಚಟಪಟ ಸದ್ದಿನೊಂದಿಗೆ ಕಿಡಿ ಮೇಲೇಳುತ್ತಿತ್ತು. ಒಬ್ಬ ಹೆಣ್ಣುಮಗಳು ಒಂದೇ ಒಂದು ಜಾಲಿಯ ಕೊರಡನ್ನು ತಲೆಯ ಮೇಲೆ ಹೊತ್ತು ತಂದು, ಕುಣಿಯ ಅಂಚಿನಲ್ಲಿ ಕುಳಿತು, ನಿಧಾನವಾಗಿ ಒಳಗೆ ಸರಿಸಿದಳು. ಗಂಡ ಇದ್ದಾಗ ಅವನೇ ತರುತ್ತಿದ್ದನಂತೆ. “ಅವನ ಹೆಸರಿಲೆ ಒಂದು ಕಟಗಿ ಹಾಕ್ತೀನ್ರಿ ಯಕ್ಕ. ಹುಸೇನಪ್ಪಗ ಅತ್ತಾಗ ಇವನಿಗೂ ಅತ್ತಂಗಾಗ್ತೈತಿ.” ಹಾಗೆಂದವಳು ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕದವಳ ಮಗುವನ್ನು ಎತ್ತಿಕೊಂಡಳು.

ನಡುರಾತ್ರಿ ಮೀರಿದ ಮೇಲೆ ರಿವಾಯತ್ ಪದ ಶುರುವಾಯಿತು. ಎರಡು ಮೇಳಗಳು ಎದುರುಬದುರು. ಕಾಲಿಗೆ ಗೆಜ್ಜೆ, ಕೈಯಲ್ಲಿ ಬಣ್ಣದ ಕರವಸ್ತ್ರ. ಒಂದು ಮೇಳ ಹೆಜ್ಜೆ ಹಾಕುತ್ತ ಪದ ಎತ್ತಿದರೆ ಇನ್ನೊಂದು ಅದಕ್ಕೆ ಜವಾಬು ಕೊಡುತ್ತದೆ. ಮದುವೆಯ ಅರಿಸಿನ ಆರುವ ಮೊದಲೇ ರಣಕ್ಕೆ ಹೊರಟ, ಹುಸೇನರ ಅಣ್ಣನ ಮಗ ಖಾಸಿಮರ ಕಥೆ ಬಂತು. ನೀರಿಗೆ ಹೋದ ಚಿಕ್ಕಪ್ಪನ ದಾರಿ ನೋಡುತ್ತ ಕುಳಿತ ಹುಸೇನರ ಪುಟ್ಟ ಮಗಳು ಸಕೀನಾಳ ಕಥೆ ಬಂತು. ಎಲ್ಲವೂ ಕನ್ನಡದಲ್ಲಿ, ರಾಯಚೂರಿನ ಕನ್ನಡದಲ್ಲಿ. ಹಾಡಿನಲ್ಲಿ ಫುರಾತ್ ನದಿ ‘ಹೊಳಿ’ಯಾಗಿತ್ತು, ಅಲ್ಲಿಯ ಜನ ಕೊಡ ಹಿಡಿದುಕೊಂಡು ಹೋಗುತ್ತಿದ್ದರು. ಸಕೀನಾಳ ಪದ ಬಂದಾಗ ಗುಂಪು ಗದ್ದಲ ನಿಲ್ಲಿಸಿತು. ನನ್ನ ಪಕ್ಕ ನಿಂತಿದ್ದ ಮುದುಕ ತುಟಿಯಾಡಿಸುತ್ತ ಪ್ರತಿ ಸಾಲನ್ನೂ ಒಂದು ಕ್ಷಣ ಮುಂಚೆಯೇ ಹೇಳಿಕೊಳ್ಳುತ್ತಿದ್ದ.

ಈ ನೆಲ ಯಾಕೆ ಆ ಕಥೆಯನ್ನು ಇಷ್ಟು ಗಟ್ಟಿಯಾಗಿ ಅಪ್ಪಿಕೊಂಡಿತು ಎಂದು ನಾನು ಬೆಂಕಿಯ ಮುಂದೆ ಕುಳಿತು ಯೋಚಿಸಿದೆ. ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ. ನಡುವಿನ ಈ ದೋಆಬಿನಲ್ಲಿ ಎಷ್ಟೋ ಊರುಗಳು ಮುಗಿಲು ನೋಡಿಯೇ ಬಿತ್ತುತ್ತವೆ. ಎರಡು ಹೊಳೆಗಳಿದ್ದೂ ನೀರಿಗೆ ಬಾಯಿಬಿಡುವ ಸಂಕಟ ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೊಳೆಯ ಹತ್ತಿರವೇ ಬಾಯಾರಿ ಅತ್ತ ಮಕ್ಕಳ ಕಥೆ ಇವರ ಎದೆಗೆ ನೇರ ಇಳಿದಿದ್ದರೆ ಅಚ್ಚರಿಯೇನಿಲ್ಲ. ಅದಕ್ಕೇ ಇರಬೇಕು, ಈ ದಿನಗಳಲ್ಲಿ ಯಾವ ಓಣಿಯಲ್ಲಿ ಹಾದರೂ ಕಟ್ಟೆಯ ಮೇಲೆ ಬೆಲ್ಲದ ಪಾನಕದ ಹಂಡೆ ಇರುತ್ತದೆ. ಕುಡಿಯದೆ ಮುಂದೆ ಹೋಗಲು ಯಾರೂ ಬಿಡುವುದಿಲ್ಲ.

ನಸುಕಿನಲ್ಲಿ ಪಂಜಾಗಳು ಎದ್ದವು. ‘ದೀನ್, ದೀನ್’ ಎಂಬ ಕೂಗಿನ ನಡುವೆ ದೇವರು ಹಿಡಿದವರು ಒಬ್ಬರ ಹಿಂದೊಬ್ಬರು ಕೆಂಡ ಹಾಯ್ದರು. ಹಲಗೆಯ ಸದ್ದು ನನ್ನ ಎದೆಗೂಡಿನೊಳಗೇ ಬಡಿಯುತ್ತಿತ್ತು. ಆದರೆ ಆ ಹಲಗೆ ಬಾರಿಸಿದವರು ರಾತ್ರಿಯಿಡೀ ಮಸೂತಿಯ ಕಟ್ಟೆಯ ಕೆಳಗೇ ನಿಂತಿದ್ದರು, ಮೇಲೆ ಹತ್ತಲಿಲ್ಲ. ಊರು ಕೆಲಸಗಳನ್ನು ಹಂಚಿದಾಗ ಜಾತಿಯ ಹಳೆಯ ಗೆರೆಗಳನ್ನೂ ಹಾಗೇ ಉಳಿಸಿಕೊಂಡಿದೆ. ಇಷ್ಟು ದೊಡ್ಡ ಮನಸ್ಸಿನ ಹಬ್ಬದಲ್ಲಿ ಆ ಮೂರು ಮೆಟ್ಟಿಲು ಇನ್ನೂ ಉಳಿದದ್ದು ನನಗೆ ನೋವಿನ ಸಂಗತಿ. ಬೆಂಗಳೂರಿನಿಂದ ಬಂದಿದ್ದ ಒಬ್ಬ ಹುಡುಗ ಅವರಿಗೆ ಚಹಾ ತಂದುಕೊಟ್ಟು ಅವರ ಜೊತೆಗೇ ಕೆಳಗೆ ಕುಳಿತ. ಹಿರಿಯರು ನೋಡಿದರು, ಏನೂ ಅನ್ನಲಿಲ್ಲ.

ಅಂದು ಜುಲೈ 6. ಮೊಹರಮಿನ ಹತ್ತನೆಯ ದಿನವೂ ಅದೇ, ಆಷಾಢ ಏಕಾದಶಿಯೂ ಅದೇ. ನಾನು ಉಳಿದುಕೊಂಡ ಮನೆಯ ಅವ್ವ ವಿಠ್ಠಲನ ಉಪವಾಸ ಹಿಡಿದಿದ್ದಳು. ಹಾಗಿದ್ದೂ ಬೆಳಗಿನಿಂದ ಒಲೆಯ ಮುಂದೆ ಕುಳಿತು ಚೊಂಗೆ ಮಾಡುತ್ತಿದ್ದಳು. ಬೆಲ್ಲದ ನೀರಿನಲ್ಲಿ ಕಲಸಿದ ಗೋಧಿಹಿಟ್ಟಿಗೆ ಗಸಗಸೆ, ಬಡೇಸೋಪು. ಲಟ್ಟಿಸಿದ ಮೇಲೆ ಗೆರೆ ಕೊರೆದ ಮರದ ಹಲಗೆಯ ಮೇಲೆ ಹಿಟ್ಟನ್ನು ಅಂಗೈಯಿಂದ ಒತ್ತಿ ಎತ್ತಿದರೆ ಸಾಲುಸಾಲು ಗೆರೆ ಮೂಡುತ್ತದೆ, ಬಿತ್ತಲು ಹದಮಾಡಿದ ಹೊಲದಂತೆ. ಸಿಹಿ ಸರಿಯಾಗಿದೆಯೋ ಇಲ್ಲವೋ ಎಂದು ಅವಳು ರುಚಿ ನೋಡುವಂತಿರಲಿಲ್ಲ. ಪಕ್ಕದ ಮನೆಯ ಬೂಬಮ್ಮ ಬಂದು ತುಣುಕು ಬಾಯಿಗಿಟ್ಟುಕೊಂಡು, “ಬೆಲ್ಲ ಇನ್ನೊಂದೀಟು ಬೇಕಾಗಿತ್ತಬೇ” ಎಂದಳು. ಅವ್ವ ಹಿಟ್ಟಿನ ಪರಾತ ಅವಳ ಕಡೆಗೇ ನೂಕಿದಳು. ಆಮೇಲೆ ಇಬ್ಬರೂ ಸೇರಿ ಮಾಡಿದರು. ಹಬೆಯಾಡುವ ಚೊಂಗೆಗಳ ಮೊದಲ ಪಾಲು ಮಸೂತಿಗೆ ಓದಿಸಲು ಹೋಯಿತು, ಎರಡನೆಯದು ಬಾಣಂತಿ ಇದ್ದ ಮನೆಗೆ, ಆಮೇಲೆ ಓಣಿಗೆ.

ಮಧ್ಯಾಹ್ನ ದೇವರುಗಳು ಹಳ್ಳಕ್ಕೆ ಹೊರಟವು. ದಾರಿಯಲ್ಲಿ ಪಕ್ಕದೂರಿನ ಪಂಜಾ ಎದುರಾಗಿ ಎರಡೂ ತಲೆ ತಾಗಿಸಿದಾಗ ಗಂಡಸರು ಗಳಗಳನೆ ಅತ್ತರು. ಅಣ್ಣ ತಮ್ಮ ಹಸನ್ ಹುಸೇನರ ಭೇಟಿ ಅದು. ಎರಡು ಊರಿನ ಜನರೂ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಹೊಲದ ಬದುವಿನ ತಂಟೆಯಲ್ಲಿ ಮಾತು ಬಿಟ್ಟವರೂ ಈ ಭೇಟಿಯ ಹೊತ್ತಿಗೆ ಕೈ ಹಿಡಿಯಲೇಬೇಕೆಂಬುದು ಇಲ್ಲಿನ ರೂಢಿ.

ಸಂಜೆ ಪಂಜಾಗಳು ಪೆಟ್ಟಿಗೆ ಸೇರಿದ ಮೇಲೆ ಹಿರಿಯರು ಬೇವಿನಮರದ ಕೆಳಗೆ ಲೆಕ್ಕಕ್ಕೆ ಕುಳಿತರು. ಚಂದ್ರನ ವರ್ಷ ಸುಮಾರು 354 ದಿನದ್ದು, ಹಾಗಾಗಿ ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಮೊದಲೇ ಬರುತ್ತದೆ. ಒಬ್ಬ ಅಜ್ಜ ಅದನ್ನು ಬೆರಳಿನ ಗೆಣ್ಣಿನ ಮೇಲೆ ಮಳೆಗಳ ಲೆಕ್ಕದಲ್ಲಿ ಎಣಿಸಿದ. “ಈ ಸಲ ಪುನರ್ವಸು ಕೂಡೂ ಹೊತ್ತಿಗಾತು. ಬರೂ ವರ್ಷ ಆರಿದ್ರಾದಾಗ. ಅದರ ಮುಂದಿನ ವರ್ಷ ಮಿರಗದಾಗ. ಆಗ ಬಿತ್ತಿಗಿ, ಯಾರ ಕೈನೂ ಖಾಲಿ ಇರೂದಿಲ್ಲ.” ಇದೇ ಪುನರ್ವಸುವಿಗೆ ಹಬ್ಬ ತಿರುಗಿ ಬರಲು ಸುಮಾರು 33 ವರ್ಷ ಬೇಕು. ಪದ ಹೇಳುವವರೆಲ್ಲ ಆಗಲೇ ಅರವತ್ತು ದಾಟಿದವರು. ಶ್ರಾವಣ ಹಿಡಿದ ಕೂಡಲೇ ಹುಡುಗರಿಗೆ ರಿವಾಯತ್ ಕಲಿಸಲು ಶುರುಮಾಡಬೇಕು ಎಂದು ತೀರ್ಮಾನವಾಯಿತು. ಯಾರ ಪಡಸಾಲೆಯಲ್ಲಿ ಕಲಿಸುವುದು, ಪುರಾಣ ಹಚ್ಚುವ ಮನೆಯಲ್ಲೋ ಮುಲ್ಲಾರ ಮನೆಯಲ್ಲೋ ಎಂದು ಚರ್ಚೆ ಜೋರಾಗಿ ನಡೆದಿದ್ದಾಗ ಅವ್ವ ನಡುವೆ ಬಾಯಿ ಹಾಕಿ, “ನಮ್ಮ ಮನ್ಯಾಗ ಜಾಗ ದೊಡ್ಡದೈತಿ. ಹೆಣ್ಣುಹುಡುಗ್ಯಾರೂ ಕುಂತು ಕೇಳ್ತಾವು” ಎಂದಳು. ಅಜ್ಜ ತಲೆಯಾಡಿಸಿ, ಚೀಟಿಯಲ್ಲಿ ಹುಡುಗರ ಹೆಸರು ಬರೆಯುತ್ತಿದ್ದವನಿಗೆ ಅವಳ ಮೊಮ್ಮಗಳ ಹೆಸರನ್ನೂ ಬರೆದುಕೊಳ್ಳಲು ಹೇಳಿದ.